ಮೂಳೆಯೊಳಗೆ ಹಾಕಿದ ಲೋಹ ‘ಕರಗುತ್ತದೆ’ಯೇ, ‘ಸವೆಯುತ್ತದೆ’ಯೇ, ‘ಅರಗುತ್ತದೆ’ಯೇ?

ಗೆಳೆಯರೆ,

ಮುರಿದ ಮೂಳೆಯನ್ನು ಹಿಡಿದಿಡಲು ಹಾಕುವ ಲೋಹದ ಸ್ಕ್ರೂಗಳಲ್ಲಿ ಈಗ ಒಂದು ಹೊಸ ಬಗೆ ಬಂದಿದೆ. ಮೂಳೆ ಕೂಡಿಕೊಂಡ ಮೇಲೆ ಅದನ್ನು ತೆಗೆಯಬೇಕಾಗಿಲ್ಲ, ದೇಹದೊಳಗೇ ನಿಧಾನವಾಗಿ ಇಲ್ಲವಾಗುತ್ತದೆ. ಒಂದು ಆರೋಗ್ಯ ಮಾಸಿಕಕ್ಕೆ ಇದರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ವಿಷಯವೇನೂ ತೊಡಕಿನದಲ್ಲ, ನನ್ನನ್ನು ಕಾಡುತ್ತಿರುವುದು ಒಂದೇ ಒಂದು ಕ್ರಿಯಾಪದ. ಆ ಸ್ಕ್ರೂ ಕೊನೆಗೆ ಏನಾಗುತ್ತದೆ ಎನ್ನಬೇಕು? ಸಂಪಾದಕರು ‘ಜೈವಿಕ ವಿಘಟನೀಯ ಲೋಹ’ ಎಂದು ತಿದ್ದಿ ಕಳುಹಿಸಿದ್ದಾರೆ. ನನಗೆ ಅದು ಒಗ್ಗುತ್ತಿಲ್ಲ.

ಬಾಯಿ ತಿರುಗದ ಸಂಸ್ಕೃತ ಎಂಬುದು ನನ್ನ ತಕರಾರಲ್ಲ. ‘ಜೈವಿಕ ವಿಘಟನೆ’ ಎಂದೊಡನೆ ಓದುಗರಿಗೆ ನೆನಪಾಗುವುದು ಹಸಿ ಕಸದ ಬುಟ್ಟಿ, ಗೊಬ್ಬರದ ಗುಂಡಿ, ನಿಷೇಧಕ್ಕೊಳಗಾದ ಪ್ಲಾಸ್ಟಿಕ್ ಕೈಚೀಲದ ಬದಲಿಗೆ ಬಂದ, ಕೊಳೆಯುವ ಚೀಲ. ಅಲ್ಲೆಲ್ಲ ದುಡಿಯುವುದು ಸೂಕ್ಷ್ಮಜೀವಿಗಳು. ಮೂಳೆಯೊಳಗೆ ಸೂಕ್ಷ್ಮಜೀವಿ ಹೊಕ್ಕರೆ ಅದು ಸೋಂಕು. ಶಸ್ತ್ರವೈದ್ಯರು ಹೆದರುವುದೇ ಅದಕ್ಕೆ. ಇದೇ ಕಾರಣಕ್ಕೆ ‘ಕೊಳೆಯುವ ಸ್ಕ್ರೂ’ ಎಂಬುದನ್ನೂ ಬಿಟ್ಟೆ. ಕಾಲಿನಲ್ಲಿ ಏನೋ ಕೊಳೆಯುತ್ತಿದೆ ಎಂದರೆ ಯಾವ ರೋಗಿ ತಾನೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾನೆ?

ನಿಜವಾಗಿ ನಡೆಯುವುದು ಹೀಗೆ. ಈ ಸ್ಕ್ರೂಗಳಲ್ಲಿ ಹೆಚ್ಚಿನವು ಮೆಗ್ನೀಸಿಯಂ ಮಿಶ್ರಲೋಹದವು. ದೇಹದ್ರವದ ನೀರಿನೊಡನೆ ಮೆಗ್ನೀಸಿಯಂ ಸೇರಿದಾಗ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲ ಹುಟ್ಟುತ್ತವೆ. ಹೈಡ್ರಾಕ್ಸೈಡ್ ಬಿಳಿಯ ಪದರವಾಗಿ ಲೋಹವನ್ನು ಸ್ವಲ್ಪ ಕಾಯುತ್ತದೆ, ಆದರೆ ದೇಹದ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಒಡೆಯುತ್ತಲೇ ಇರುತ್ತದೆ. ಒಂದು ಗ್ರಾಂ ಮೆಗ್ನೀಸಿಯಂ ಪೂರ್ತಿ ಹೀಗೆ ಕಳೆದರೆ ಸುಮಾರು ಒಂದು ಲೀಟರ್ ಹೈಡ್ರೋಜನ್ ಹೊರಬರುತ್ತದೆ. ನಿಧಾನವಾಗಿ ಬಂದರೆ ಸುತ್ತಲಿನ ಅಂಗಾಂಶ ಅದನ್ನು ಸಾಗಿಸಿಬಿಡುತ್ತದೆ, ಅವಸರದಲ್ಲಿ ಬಂದರೆ ಚರ್ಮದಡಿ ಗುಳ್ಳೆ ಕಟ್ಟುತ್ತದೆ. ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬಿನ್ ಲ್ಯಾಂಬೊಟ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಹದಿನೇಳು ವರ್ಷದ ಹುಡುಗನೊಬ್ಬನ ಕಾಲಿಗೆ ಮೆಗ್ನೀಸಿಯಂ ಪಟ್ಟಿ ಹಾಕಿ, ಅದನ್ನು ಚಿನ್ನದ ಲೇಪದ ಉಕ್ಕಿನ ಮೊಳೆಗಳಿಂದ ಬಿಗಿದಿದ್ದ. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅಲ್ಲೊಂದು ಬ್ಯಾಟರಿಯೇ ಏರ್ಪಡುತ್ತದೆ, ಅದರಲ್ಲಿ ಹೆಚ್ಚು ಸುಲಭವಾಗಿ ಪ್ರತಿಕ್ರಿಯಿಸುವ ಲೋಹ ಬಲಿಯಾಗುತ್ತದೆ. ಎಂಟೇ ದಿನಗಳಲ್ಲಿ ಪಟ್ಟಿ ಪುಡಿಪುಡಿಯಾಗಿ ಚರ್ಮದಡಿ ಅನಿಲ ತುಂಬಿಕೊಂಡಿತು. ಮುಂದೆ ಅವನೂ ಅವನ ಸಹಾಯಕ ವೆರ್‌ಬ್ರುಗೆಯೂ ಬೇರೆ ಲೋಹ ತಾಗಿಸದೆ ಮೆಗ್ನೀಸಿಯಂ ಒಂದನ್ನೇ ಬಳಸಿ ಮಕ್ಕಳ ಮೊಣಕೈ ಬಳಿಯ ಮುರಿತಗಳನ್ನು ಕೂಡಿಸಿದರು.

ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ಲೋಹದ ಸಂಕ್ಷಾರಣ (ಕರೋಷನ್). ಪರೀಕ್ಷೆಯಲ್ಲಿ ಬರೆಯಲು ಪರವಾಗಿಲ್ಲ, ಮಾಸಿಕದ ಓದುಗರಿಗೆ ಆ ಪದ ಏನನ್ನೂ ಹೇಳುವುದಿಲ್ಲ. ‘ತುಕ್ಕು’ ಎನ್ನೋಣವೆಂದರೆ ಅದು ಕಬ್ಬಿಣದ ಸ್ವತ್ತು. ತಾಮ್ರ, ಹಿತ್ತಾಳೆಗಳಿಗೆ ನಮ್ಮಲ್ಲಿ ಕಿಲುಬು ಎಂಬ ಬೇರೆ ಪದವೇ ಇದೆ. ಮೆಗ್ನೀಸಿಯಂಗಾಗಲಿ ಸತುವಿಗಾಗಲಿ ಹಿಡಿಯುವ ಬಿಳಿ ಪುಡಿಗೆ ಹೆಸರಿದೆಯೇ? ಅಂದಹಾಗೆ ಕಬ್ಬಿಣವನ್ನೂ ಸತುವನ್ನೂ ಇದೇ ಕೆಲಸಕ್ಕೆ ಪ್ರಯೋಗಿಸಿ ನೋಡಿದ್ದಾರೆ. ಕಬ್ಬಿಣ ತೀರ ನಿಧಾನ, ಸತು ಕಬ್ಬಿಣ ಮತ್ತು ಮೆಗ್ನೀಸಿಯಂಗಳ ನಡುವೆ.

ಇನ್ನು ‘ಕರಗು’. ಆಸ್ಪತ್ರೆಗಳಲ್ಲಿ ಈಗಾಗಲೇ ‘ಕರಗುವ ಹೊಲಿಗೆ’, ‘ಕರಗುವ ದಾರ’ ಎಂಬ ಮಾತುಗಳು ನಡೆಯುತ್ತಿವೆ, ಯಾರಿಗೂ ಗೊಂದಲವಿಲ್ಲ. ಹಾಗಾದರೆ ‘ಕರಗುವ ಸ್ಕ್ರೂ’ ಎಂದರೇನು ತಪ್ಪು ಎಂದು ಕೇಳಬಹುದು. ಬೆಣ್ಣೆ ಬಿಸಿಗೆ ಕರಗುವುದೂ ಸಕ್ಕರೆ ನೀರಿನಲ್ಲಿ ಕರಗುವುದೂ ಕನ್ನಡಕ್ಕೆ ಒಂದೇ ಕ್ರಿಯಾಪದ. ಆದರೆ ಲೋಹದ ಜೊತೆ ಬಂದಾಗ ‘ಕರಗು’ ಕುಲುಮೆಯ ಮಾತಾಗಿಬಿಡುತ್ತದೆ. ಅಕ್ಕಸಾಲಿಗ ಚಿನ್ನ ಕರಗಿಸುತ್ತಾನೆ, ಕಳ್ಳ ಸರವನ್ನು ಕರಗಿಸಿ ಗಟ್ಟಿ ಮಾಡುತ್ತಾನೆ. ‘ಕರಗುವ ಲೋಹ’ ಎಂಬ ಶೀರ್ಷಿಕೆ ನೋಡಿದ ಪರಿಚಿತರೊಬ್ಬರು, ಜ್ವರ ಬಂದರೆ ಸ್ಕ್ರೂ ಗತಿಯೇನು ಎಂದು ಕೇಳಿದರು. ತಮಾಷೆಗೇ ಕೇಳಿದ್ದು, ಆದರೂ ಪ್ರಶ್ನೆ ಎದ್ದದ್ದು ಪದದಿಂದ.

‘ಸವೆ’ ಇನ್ನೂ ಅಪಾಯ. ಕೀಲುಮೂಳೆ ವೈದ್ಯರ ಕೋಣೆಯ ಹೊರಗೆ ಹತ್ತು ನಿಮಿಷ ಕುಳಿತರೆ ಸಾಕು, ‘ಮಂಡಿ ಸವೆದಿದೆ’ ಎಂಬುದು ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿ ಸವೆತವೆಂದರೆ ಕಾಯಿಲೆ. ‘ಸವೆಯುವ ಸ್ಕ್ರೂ’ ಎಂದರೆ ಕಳಪೆ ಮಾಲು ಎಂದೇ ಅರ್ಥ. ‘ಇಂಗು’ ಎಂಬುದು ನನಗೆ ಬಹಳ ಇಷ್ಟವಾದ ಪದ, ಇಲ್ಲಿಗೆ ತರಲು ಒದ್ದಾಡಿದ್ದೂ ಉಂಟು. ಆದರೆ ಇಂಗುವುದು ನೀರು, ಕಣ್ಣೀರು, ಎದೆಹಾಲು. ಗಟ್ಟಿ ವಸ್ತು ಇಂಗಿದ್ದನ್ನು ಎಲ್ಲೂ ಕಂಡಿಲ್ಲ.

ಹೀಗೆ ಒಂದೊಂದಾಗಿ ಬಿಡುತ್ತಾ ಬಂದು ನಾನೀಗ ನಿಂತಿರುವುದು ‘ಅರಗು’ ಎಂಬಲ್ಲಿ. ಇದರ ಪರವಾಗಿ ಹೇಳುವುದಿದೆ. ಮೊದಲನೆಯದಾಗಿ, ಅರಗುವುದಕ್ಕೆ ಹೊತ್ತು ಬೇಕು. ಈ ಸ್ಕ್ರೂವಿನ ಗುಟ್ಟೇ ಅದು. ಕನಿಷ್ಠ ಮೂರು ತಿಂಗಳಾದರೂ ಬಿಗಿಯಾಗಿ ನಿಲ್ಲಬೇಕು, ಆಮೇಲೆ ತಾನು ಕ್ಷೀಣಿಸುತ್ತಾ ಹೊರೆಯನ್ನು ಮೂಳೆಗೆ ವಹಿಸಬೇಕು. ಉಕ್ಕಿನ ಬಿಗಿತ, ಅಂದರೆ ಹೊರೆ ಬಿದ್ದರೂ ಬಾಗದಿರುವ ಗುಣ, ಸುಮಾರು 200 ಗಿಗಾಪ್ಯಾಸ್ಕಲ್, ಟೈಟಾನಿಯಂನದು ಸುಮಾರು 110, ಮೆಗ್ನೀಸಿಯಂನದು 45ರ ಆಸುಪಾಸು. ಗಟ್ಟಿ ಮೂಳೆಯದು ಅದಕ್ಕೂ ಕಡಿಮೆ. ಉಕ್ಕಿನ ಪಟ್ಟಿ ಹೊರೆಯನ್ನೆಲ್ಲ ತಾನೇ ಹೊತ್ತರೆ ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಎರಡನೆಯದಾಗಿ, ಅರಗಿದ ವಸ್ತು ಸುಮ್ಮನೆ ಮಾಯವಾಗುವುದಿಲ್ಲ, ಮೈಗೆ ಸೇರುತ್ತದೆ. ನಮ್ಮ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇದೆ, ಅರ್ಧಕ್ಕಿಂತ ಹೆಚ್ಚು ಪಾಲು ಮೂಳೆಯಲ್ಲೇ. ಸ್ಕ್ರೂವಿನಿಂದ ಬಿಟ್ಟ ಮೆಗ್ನೀಸಿಯಂ ರಕ್ತಕ್ಕೆ ಸೇರಿ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಇದು ಅರಗುವುದಲ್ಲದೆ ಮತ್ತೇನು? ಜೊತೆಗೆ ನಾವು ಹರೆಯದವರನ್ನು ‘ಕಲ್ಲು ತಿಂದು ಅರಗಿಸಿಕೊಳ್ಳುವ ವಯಸ್ಸು’ ಎನ್ನುತ್ತೇವೆ, ಅಂದರೆ ಗಟ್ಟಿ ವಸ್ತುವಿಗೆ ಈ ಕ್ರಿಯಾಪದ ಹೊಸದಲ್ಲ. (ಕೆಲವು ಕಡೆ ಇಲ್ಲೂ ‘ಕರಗಿಸಿಕೊಳ್ಳುವ’ ಎನ್ನುತ್ತಾರೆ ಎಂಬುದು ನನ್ನ ವಾದಕ್ಕೆ ಸ್ವಲ್ಪ ಮುಳ್ಳು.)

‘ಜೀರ್ಣ’ ಎಂಬುದನ್ನೂ ತೂಗಿ ನೋಡಿದೆ. ಅದಕ್ಕೆ ಎರಡು ಮುಖಗಳಿವೆ. ಜೀರ್ಣೋದ್ಧಾರದಲ್ಲಿ ಹಳತಾಗಿ ಶಿಥಿಲವಾದದ್ದು, ಅಜೀರ್ಣದೊಳಗಿನ ‘ಜೀರ್ಣ’ದಲ್ಲಿ ಅರಗಿದ್ದು. ಲೋಹ ಶಿಥಿಲವೂ ಆಗುತ್ತದೆ, ಮೈಗೂ ಸೇರುತ್ತದೆ ಎಂಬ ಎರಡನ್ನೂ ಈ ಒಂದು ಪದ ಹಿಡಿಯಬಲ್ಲದು. ಅಗಸ್ತ್ಯರು ಹೊಟ್ಟೆ ಸವರಿಕೊಂಡು ‘ವಾತಾಪಿ ಜೀರ್ಣೋ ಭವ’ ಎಂದದ್ದನ್ನು ಕೇಳಿ ಬೆಳೆದ ಓದುಗರಿಗೆ ತಿಳಿಯದೇ ಇರದು. ಆದರೂ ಇದು ‘ಅರಗು’ವಿಗಿಂತ ಹೊಟ್ಟೆಗೆ ಹೆಚ್ಚು ಅಂಟಿಕೊಂಡ ಪದ. ಜೀರ್ಣವಾಗುವ ಸ್ಕ್ರೂ ಎಂದರೆ ನುಂಗಬೇಕೇನೋ ಅನ್ನಿಸುತ್ತದೆ.

‘ಅರಗು’ವಿಗೆ ಎದುರಾಗಿರುವ ತೊಡಕು ಒಂದೇ, ಅದೂ ನಾಮಪದದ್ದು. ‘ಅರಗುವ ಸ್ಕ್ರೂ’ ಎಂದು ನಾನು ಬರೆದದ್ದನ್ನು ಯಾರಾದರೂ ಕರಡು ತಿದ್ದುತ್ತಾ ‘ಅರಗಿನ ಸ್ಕ್ರೂ’ ಮಾಡಿದರೆ ಪಾಂಡವರ ಅರಗಿನ ಮನೆಯ ಪಕ್ಕಕ್ಕೆ ನಮ್ಮ ರೋಗಿಯ ಕಾಲೂ ಸೇರುತ್ತದೆ!

ದೇಹದೊಳಗೆ ಕೂರಿಸುವ ಇಂಥ ಸಾಧನಗಳಿಗೆ ಇರುವ ‘ಇಂಪ್ಲಾಂಟ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಕಸಿ’ ಎಂದು ಸೂಚಿಸಿದವರಿದ್ದಾರೆ. ಕಸಿ ಮಾಡುವುದು ಜೀವವಿರುವುದನ್ನು, ಚಿಗುರಲೆಂದು. ಜನ ಹೇಗೂ ಪಟ್ಟಿಯಿರಲಿ, ಮೊಳೆಯಿರಲಿ ಎಲ್ಲವನ್ನೂ ‘ರಾಡ್’ ಎಂದೇ ಕರೆಯುತ್ತಾರೆ. ‘ರಾಡ್ ತೆಗೆಸಿದಿರಾ?’ ಎಂಬ ಪ್ರಶ್ನೆಯೇ ಬೇಡವಾಗುವ ರಾಡ್ ಇದು ಎಂದು ಲೇಖನದಲ್ಲಿ ಬರೆದಿದ್ದೇನೆ. ಜರ್ಮನಿಯ ಹ್ಯಾನೋವರ್‌ನ ಸಂಸ್ಥೆಯೊಂದರ ಮೆಗ್ನೀಸಿಯಂ ಸ್ಕ್ರೂಗೆ ಯುರೋಪಿನಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು. ಅದು ಹೆಚ್ಚಾಗಿ ಬಳಕೆಯಾದದ್ದು ಕಾಲಿನ ಹೆಬ್ಬೆರಳು ಓರೆಯಾದವರಿಗೆ. ಅಂಥವರ ಎಕ್ಸ್‌ರೇ ನೋಡಿದರೆ ಉಕ್ಕಿನಂತೆ ಕಣ್ಣಿಗೆ ಹೊಡೆಯುವ ಬಿಳುಪಿಲ್ಲ. ಸ್ಕ್ರೂ ಮಸುಕಾಗಿ ಕಾಣುತ್ತದೆ, ಮೊದಲ ತಿಂಗಳುಗಳಲ್ಲಿ ಸುತ್ತ ಒಂದು ಕಪ್ಪು ಅಂಚೂ ಇರುತ್ತದೆ. ತಿಳಿಯದವರು ಅದನ್ನು ಸೋಂಕೆಂದು ಭ್ರಮಿಸಬಹುದು. ಈ ಕಪ್ಪು ಅಂಚಿಗೂ ಒಂದು ಹೆಸರು ಬೇಕಾಗಿದೆ. ಸದ್ಯಕ್ಕೆ ‘ಅನಿಲದ ನೆರಳು’ ಎಂದಿದ್ದೇನೆ.

ಬಲ್ಲವರಲ್ಲಿ ಕೇಳುವುದು ಇಷ್ಟು. ಹೊಟ್ಟೆಯ ಸಂಬಂಧವಿಲ್ಲದೆ, ವಸ್ತುವೊಂದು ಇನ್ನೊಂದರಲ್ಲಿ ಸೇರಿ ಇಲ್ಲವಾಗುವುದಕ್ಕೆ ‘ಅರಗು’ ಎನ್ನುವ ಬಳಕೆ ನಿಮ್ಮ ಕಡೆ ಇದೆಯೇ? ಮಣ್ಣಿನಲ್ಲಿ ಗೊಬ್ಬರ ಅರಗಿತು, ಮೈಯಲ್ಲಿ ಔಷಧ ಅರಗಿತು ಎಂಬಂಥದ್ದು? ಇನ್ನೊಂದು ಪ್ರಶ್ನೆ ಕರಾವಳಿಯವರಿಗೆ. ಉಕ್ಕಿನ ದೋಣಿಗಳ ತಳಕ್ಕೆ ಸತುವಿನ ಗಟ್ಟಿ ಬಿಗಿದಿರುತ್ತಾರೆ, ಉಪ್ಪುನೀರು ಉಕ್ಕನ್ನು ಬಿಟ್ಟು ಅದನ್ನು ತಿನ್ನಲೆಂದು. ಆ ಗಟ್ಟಿ ಸಣ್ಣದಾಗುತ್ತಾ ಹೋಗುವುದಕ್ಕೆ ಮಲ್ಪೆ, ಮಂಗಳೂರು, ಕಾರವಾರದ ದೋಣಿ ಕೆಲಸದವರು ಏನೆನ್ನುತ್ತಾರೆ? ‘ತಿಂದುಹೋಯಿತು’ ಎಂಬುದಕ್ಕಿಂತ ಬೇರೆ ಮಾತಿದ್ದರೆ, ಅದು ತುಳುವಿನದಾಗಲಿ ಕೊಂಕಣಿಯದಾಗಲಿ, ದಯವಿಟ್ಟು ತಿಳಿಸಿ. ಕರಡು ಇನ್ನೂ ನನ್ನ ಬಳಿಯೇ ಇದೆ.