ಸವಾರಿಗೆ ಶುದ್ಧ ತಳಿ ಕುದುರೆ: ಇಲ್ಲೇ ಕೊಳ್ಳೋದಾ, ಹೊರದೇಶದಿಂದ ತರಿಸೋದಾ?

ಪಾಂಡವಪುರ_ಕಾಲುವೆ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲೂಕು. ಕಬ್ಬು, ಭತ್ತದ ಜಮೀನು. ಅದರಲ್ಲೇ ಒಂದು ಮೂಲೆ ಬಿಡಿಸಿ ಲಾಯ ಕಟ್ಟಿ ಕುದುರೆ ಸಾಕಬೇಕು ಅಂತ ಬಹಳ ದಿನದ ಆಸೆ. ರೇಸಿಗಲ್ಲ, ಮದುವೆ ಮೆರವಣಿಗೆಗೆ ಬಾಡಿಗೆ ಬಿಡೋಕೂ ಅಲ್ಲ. ಬರೀ ಸವಾರಿಗೆ. ಮೈಸೂರಿನಲ್ಲಿ ಸವಾರಿ ಕಲಿತಿದ್ದೇನೆ, ಹಾಗಾಗಿ ತೀರಾ ಹೊಸಬನಲ್ಲ. ವಂಶಾವಳಿ ಪೇಪರ್ ಇರುವ ಶುದ್ಧ ತಳಿಯೇ ಬೇಕು ಅನ್ನೋದು ಹಟ ಅಂತಾನೇ ಇಟ್ಟುಕೊಳ್ಳಿ.

ಗೊಂದಲ ಏನಪ್ಪಾ ಅಂದರೆ ಬೆಲೆ. ನಮ್ಮ ಭಾವ ನೆದರ್ಲೆಂಡ್ಸ್‌ನಲ್ಲಿದ್ದಾರೆ. ಅವರು ಒಂದು ಫ್ರೀಷಿಯನ್ ಕುದುರೆಯ ಜಾಹೀರಾತು ಕಳಿಸಿದರು, ಕಪ್ಪಗೆ ಮಿರಿಮಿರಿ ಮಿಂಚುವ ಪ್ರಾಣಿ, 9 ಸಾವಿರ ಯುರೋ, ಅಂದರೆ ಹೆಚ್ಚುಕಡಿಮೆ 9 ಲಕ್ಷ. ಅಮೆರಿಕದ ಜಾಹೀರಾತಿನಲ್ಲಿ ಅರೇಬಿಯನ್ 4 ಸಾವಿರ ಡಾಲರ್‌ಗೇ ಇದೆ. ಇಲ್ಲಿ ರಾಜಸ್ಥಾನದ ಮಾರ್ವಾಡಿ ತಳಿ ಕುದುರೆ ಕೇಳಿದರೆ ಒಬ್ಬ ಒಂದೂವರೆ ಲಕ್ಷ ಅಂತಾನೆ, ಇನ್ನೊಬ್ಬ ಅದೇ ಥರ ಕಾಣೋ ಕುದುರೆಗೆ 6 ಲಕ್ಷ ಅಂತಾನೆ. ಹಂಗಾದರೆ ಅಮೆರಿಕದಿಂದ ತರಿಸೋದೇ ಅಗ್ಗ ಅಲ್ವಾ? ಎಲ್ಲಿ ಏನು ರೇಟು, ಯಾಕೆ ಇಷ್ಟು ವ್ಯತ್ಯಾಸ, ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಲಾಯದ_ಪಕ್ಕದವನು

ಗುರು, ನೀವು ಕೂತಿರೋದು ಮೈಸೂರು ರೇಸ್‌ಕೋರ್ಸಿನಿಂದ ಒಂದು ಗಂಟೆ ದಾರಿಯಲ್ಲಿ, ನೋಡ್ತಿರೋದು ಅಮೆರಿಕದ ಕಡೆ!

ರೇಸಿನಲ್ಲಿ ಓಡುವ ಥರೋಬ್ರೆಡ್ ತಳಿಗಿಂತ ಪಕ್ಕಾ ಪೇಪರ್ ಇರುವ ಕುದುರೆ ಬೇರೆ ಇಲ್ಲ. ಇಂಗ್ಲೆಂಡಿನಲ್ಲಿ ಇದರ ವಂಶಾವಳಿ ಪುಸ್ತಕ 1791ರಲ್ಲೇ ಶುರುವಾಯಿತು. ಇವತ್ತು ಲೋಕದಲ್ಲಿರುವ ಎಲ್ಲ ಥರೋಬ್ರೆಡ್‌ಗಳ ಗಂಡುಸಾಲು ಹಿಂದಕ್ಕೆ ಹೋದರೆ ಮೂರೇ ಮೂರು ಕುದುರೆಗಳಿಗೆ ಹೋಗಿ ನಿಲ್ಲುತ್ತದೆ: ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ನಮ್ಮಲ್ಲೂ ಹುಟ್ಟಿದ ಮರಿಗಳೆಲ್ಲ ಇಂಡಿಯನ್ ಸ್ಟಡ್ ಬುಕ್‌ನಲ್ಲಿ ದಾಖಲಾಗುತ್ತವೆ. ದೂರ ಯಾಕೆ, ಪಕ್ಕದ ಕುಣಿಗಲ್‌ನಲ್ಲಿ ಟಿಪ್ಪು ಕಾಲದ ಕುದುರೆ ಫಾರಂ ಇದ್ದೇ ಇದೆ, ರೇಸ್ ಕುದುರೆಗಳನ್ನ ಬೆಳೆಸಿದ ಜಾಗ.

ಈಗ ಬೆಲೆ ವಿಷಯ. ಓಡೋ ವಯಸ್ಸಿನ, ಒಳ್ಳೆ ರಕ್ತದ ಕುದುರೆಗೆ ಲಕ್ಷ ಲಕ್ಷ ಸುರಿಯಬೇಕು. ಆದರೆ ನಾಲ್ಕೈದು ವರ್ಷಕ್ಕೆ ವೇಗ ಕಮ್ಮಿಯಾಗಿ ಗೆಲ್ಲೋದು ನಿಂತಿತು ಅಂದರೆ ಅದೇ ಕುದುರೆ ಮಾಲೀಕನಿಗೆ ತಿಂಗಳ ಖರ್ಚು ಅಷ್ಟೆ. ಆಗ ಅವರಿಗೆ ದುಡ್ಡಿಗಿಂತ ಒಳ್ಳೆ ಮನೆ ಸಿಕ್ಕರೆ ಸಾಕಾಗಿರುತ್ತದೆ. ಸುಮ್ನೆ ಕೊಟ್ಟಿರೋದನ್ನೂ ನೋಡಿದ್ದೇನೆ, 50 ಸಾವಿರ, ಲಕ್ಷಕ್ಕೆ ಹೋಗಿರೋದನ್ನೂ ನೋಡಿದ್ದೇನೆ. ಮತ್ತೆ ರೇಸಿಗೆ ಬಿಡಬಾರದು ಅಂತ ಬರೆಸಿಕೊಳ್ಳುತ್ತಾರೆ, ನಿಮಗೆ ಅದು ಬೇಕಾಗೂ ಇಲ್ಲ.

ಒಂದು ಮಾತು ಮಾತ್ರ ನೆನಪಿಡಿ. ರೇಸಿನಿಂದ ಬಂದ ಕುದುರೆಗೆ ಓಡೋದು ಗೊತ್ತು, ನಿಲ್ಲೋದು ಗೊತ್ತಿಲ್ಲ. ಲಗಾಮು ಎಳೆದಷ್ಟೂ ಇನ್ನಷ್ಟು ಹಿಡಿದು ಓಡುತ್ತದೆ. ಮೊದಲು ಒಂದಷ್ಟು ತಿಂಗಳು ಬಯಲಲ್ಲಿ ಬಿಟ್ಟು ತಣ್ಣಗಾಗಿಸಿ, ಆಮೇಲೆ ಗೊತ್ತಿರುವ ಒಬ್ಬ ಸವಾರನ ಕೈಯಲ್ಲಿ ಹೊಸದಾಗಿ ಪಳಗಿಸಬೇಕು. ಆ ಖರ್ಚನ್ನ ಕುದುರೆ ಬೆಲೆಗೇ ಸೇರಿಸಿಕೊಳ್ಳಿ.

ಕೆಂಟಕಿ_ಕನ್ನಡಿಗ

ನಾನು ಮೂಲತಃ ಮೈಸೂರಿನ ನಜರ್‌ಬಾದ್ ಕಡೆಯವನು, ಈಗ ಇರೋದು ಅಮೆರಿಕದ ಕೆಂಟಕಿಯ ಲೆಕ್ಸಿಂಗ್ಟನ್ ಹತ್ತಿರ. ಇಲ್ಲಿ ರಸ್ತೆ ಎರಡೂ ಬದಿ ಕುದುರೆ ಫಾರಂಗಳೇ. ಕೀನ್‌ಲ್ಯಾಂಡ್ ಅಂತ ಹರಾಜು ನಡೆಯುತ್ತದೆ, ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಮರಿಗಳ ಮಾರಾಟ. ಅಲ್ಲಿ ಒಂದೇ ಹರಾಜಿನಲ್ಲಿ ಮಿಲಿಯನ್ ಡಾಲರ್ ಮರಿಯನ್ನೂ ನೋಡಬಹುದು, ಕೆಲವೇ ಸಾವಿರಕ್ಕೆ ಹೋಗುವ ಮರಿಯನ್ನೂ ನೋಡಬಹುದು. ಎರಡೂ ಶುದ್ಧ ತಳಿಯೇ. ಹಾಗಾಗಿ "ಅಮೆರಿಕದಲ್ಲಿ ಥರೋಬ್ರೆಡ್ ಎಷ್ಟು" ಅಂತ ಕೇಳೋದರಲ್ಲಿ ಅರ್ಥ ಇಲ್ಲ.

ಬೆಲೆಗೂ ಓಟಕ್ಕೂ ಸಂಬಂಧ ಇರಲೇಬೇಕು ಅಂತಲೂ ಇಲ್ಲ. 2006ರಲ್ಲಿ ಫ್ಲಾರಿಡಾದ ಹರಾಜಿನಲ್ಲಿ ದಿ ಗ್ರೀನ್ ಮಂಕಿ ಅನ್ನೋ ಎರಡು ವರ್ಷದ ಕುದುರೆ 16 ಮಿಲಿಯನ್ ಡಾಲರ್‌ಗೆ ಹೋಯಿತು. ಓಡಿದ್ದು ಮೂರೇ ರೇಸು, ಒಂದೂ ಗೆಲ್ಲಲಿಲ್ಲ. ದುಡಿದದ್ದು ಬರೀ 10 ಸಾವಿರ ಡಾಲರ್ ಚಿಲ್ಲರೆ!

ಬೀಜದ ಕುದುರೆಗಳಿಗೆ ಅಷ್ಟೊಂದು ದುಡ್ಡು ಸುರಿಯೋಕೆ ಇನ್ನೊಂದು ಕಾರಣ ಇದೆ. ಥರೋಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಕುದುರೆ ಖುದ್ದಾಗಿ ಕೂಡಬೇಕು, ಇಲ್ಲದಿದ್ದರೆ ಮರಿ ಪುಸ್ತಕಕ್ಕೆ ಸೇರಲ್ಲ. ಹಾಗಾಗಿ ಹೆಸರಾಂತ ಗಂಡಿನಿಂದ ವರ್ಷಕ್ಕೆ ಸಿಗುವ ಮರಿಗಳಿಗೆ ಒಂದು ಮಿತಿ ಇರುತ್ತದೆ. ಅರೇಬಿಯನ್‌ನಲ್ಲಿ ಆ ತಡೆ ಇಲ್ಲ.

ಇನ್ನು ನಿಮ್ಮ 4 ಸಾವಿರ ಡಾಲರ್ ಅರೇಬಿಯನ್. 1980ರ ದಶಕದಲ್ಲಿ ಇಲ್ಲಿ ಅರೇಬಿಯನ್ ಅಂದರೆ ಶೇರು ಮಾರುಕಟ್ಟೆ ಥರ ಆಗಿತ್ತು. ತೆರಿಗೆ ಉಳಿಸೋಕೆ ಅಂತಲೇ ದುಡ್ಡಿದ್ದವರು ಕುದುರೆ ಕೊಳ್ಳೋರು, ಮರಿ ಹಾಕಿಸೋರು. 1986ರಲ್ಲಿ ತೆರಿಗೆ ಕಾನೂನು ಬದಲಾಯಿತು, ಆ ದಾರಿ ಮುಚ್ಚಿತು, ಕುದುರೆಗಳು ಮಾತ್ರ ಹಂಗೇ ಉಳಿದವು. ಬೆಲೆ ನೆಲ ಕಚ್ಚಿತು. ಅದೇ ಅರೇಬಿಯನ್‌ಗೆ ಪೋಲೆಂಡಿನಲ್ಲಿ ಬೇರೆಯೇ ಲೆಕ್ಕ. ಯಾನೂವ್ ಪೊಡ್ಲಾಸ್ಕಿ ಫಾರಂನಲ್ಲಿ ನಡೆಯುವ ಹರಾಜಿಗೆ ಕೊಲ್ಲಿ ದೇಶದವರು ಬಂದು ಕೂರುತ್ತಾರೆ. 2015ರಲ್ಲಿ ಪೆಪಿಟಾ ಅನ್ನೋ ಹೆಣ್ಣು ಕುದುರೆ ಅಲ್ಲಿ 14 ಲಕ್ಷ ಯುರೋಗೆ ಹೋಯಿತು.

ಇನ್ನೊಂದು ತಮಾಷೆ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಟ್ಯಾಟರ್ಸಾಲ್ಸ್ ಅನ್ನೋ ಕುದುರೆ ಹರಾಜು ಕಂಪನಿಯವರು ಈಗಲೂ ಗಿನಿ ಲೆಕ್ಕದಲ್ಲೇ ಕೂಗುತ್ತಾರೆ. ಒಂದು ಗಿನಿ ಅಂದರೆ 1.05 ಪೌಂಡ್. ಆ ನಾಣ್ಯ ಹೋಗಿ ಎಷ್ಟೋ ಕಾಲವಾಯಿತು. ಬೆಲೆ ಹೋಲಿಸುವಾಗ ಈ ಐದು ಪರ್ಸೆಂಟ್ ಮರೀಬೇಡಿ.

ಹಳ್ಳಿಕಾರ್_ಜೋಡಿ

ಒಂದೂವರೆ ಲಕ್ಷ, ಆರು ಲಕ್ಷದ ಕತೆ ನಾನು ಹೇಳ್ತೀನಿ. ನಮ್ಮ ಕಡೆ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವಾಗ ಮೊದಲು ಏನು ನೋಡ್ತಾರೆ? ಸುಳಿ. ಮಾರ್ವಾಡಿ, ಗುಜರಾತಿನ ಕಾಠಿಯಾವಾಡಿ ತಳಿಯಲ್ಲೂ ಅದೇ ಕತೆ. ಕುತ್ತಿಗೆ ಮೇಲೆ ದೇವಮಣಿ ಸುಳಿ ಇದ್ದರೆ ರೇಟು ಏರುತ್ತದೆ, ಕೆಟ್ಟದ್ದು ಅಂತ ಹೇಳುವ ಜಾಗದಲ್ಲಿ ಸುಳಿ ಇದ್ದರೆ ಎಷ್ಟೇ ಚೆನ್ನಾಗಿರೋ ಕುದುರೆಯೂ ಅರ್ಧಕ್ಕೆ ಇಳಿಯುತ್ತದೆ. ಸುಳಿಯಲ್ಲಿ ನಿಮಗೆ ನಂಬಿಕೆ ಇಲ್ಲದಿದ್ದರೆ ಅದು ನಿಮಗೆ ಲಾಭ. ನಾಳೆ ಮಾರೋಕೆ ಹೋದಾಗ ಕೊಳ್ಳೋನಿಗೆ ನಂಬಿಕೆ ಇರುತ್ತದೆ, ಅದು ನಷ್ಟ.

ಸುಳಿ ಬಿಟ್ಟರೆ ಕಿವಿ, ಎತ್ತರ, ಬಣ್ಣ. ಮಾರ್ವಾಡಿಯ ಕಿವಿ ಒಳಕ್ಕೆ ಬಾಗಿ ತುದಿ ತುದಿ ತಾಗುವ ಹಾಗಿರಬೇಕು. ನುಕ್ರಾ ಅನ್ನೋ ಬಿಳಿ ಕುದುರೆಗೆ ಮದುವೆ ಬಾಡಿಗೆ ಇರೋದರಿಂದ ಅದರ ಮಾರುಕಟ್ಟೆಯೇ ಬೇರೆ. ರಾಜಸ್ಥಾನದ ಪುಷ್ಕರ್, ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಗಳಲ್ಲಿ ಕೋಟಿ ಕೋಟಿ ಬೆಲೆ ಕಟ್ಟಿದರು ಅಂತ ಪೇಪರ್‌ನಲ್ಲಿ ಬರುತ್ತೆ, ಅದನ್ನ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಮಾಲೀಕ ಹೇಳೋ ಬೆಲೆ ಬೇರೆ, ಕೈ ಬದಲಾಗೋ ಬೆಲೆ ಬೇರೆ.

ಪೇಪರ್ ಬೇಕು ಅಂದಿರಲ್ಲ, ಮಾರ್ವಾಡಿಗೆ ನೋಂದಣಿ, ಮೈಕ್ರೋಚಿಪ್, ಪಾಸ್‌ಪೋರ್ಟ್ ಎಲ್ಲ ಇದೆ. ದಲ್ಲಾಳಿ ಬರೀ ಬಾಯಲ್ಲಿ "ಅಸಲಿ ಮಾರ್ವಾಡಿ ಸಾರ್" ಅಂದರೆ ಸಾಲದು, ಚಿಪ್ ನಂಬರು ಪಾಸ್‌ಪೋರ್ಟಿಗೆ ತಾಳೆ ಆಗುತ್ತಾ ಅಂತ ರೀಡರ್ ಹಿಡಿಸಿ ನೋಡಿ. ಮತ್ತೆ, ನಮ್ಮ ದೇಶಿ ತಳಿ ಹೊರದೇಶಕ್ಕೆ ಕಳಿಸಬೇಕಾದರೆ ಸರ್ಕಾರದ ಪರವಾನಗಿ ಬೇಕು, ಅದು ಸುಲಭಕ್ಕೆ ಸಿಗಲ್ಲ. ಅಂದರೆ ಈ ತಳಿ ಅಗ್ಗಕ್ಕೆ ಸಿಗೋದು ಲೋಕದಲ್ಲಿ ನಮ್ಮಲ್ಲೇ. ಅದನ್ನ ಬಿಟ್ಟು ಫ್ರೀಷಿಯನ್ ಯಾಕೆ ಅನ್ನೋದು ನನಗಂತೂ ಅರ್ಥ ಆಗಲಿಲ್ಲ.

ದನದ_ಡಾಕ್ಟ್ರಮ್ಮ

ಪಾಂಡವಪುರದವರೇ, ಜಾಹೀರಾತಿನ ಬೆಲೆಗೆ ರೂಪಾಯಿ ಲೆಕ್ಕ ಹಾಕಿ ಹೋಲಿಸಿದ್ದೀರಿ. ನಡುವೆ ಇರುವ ಖರ್ಚನ್ನೂ ಸ್ವಲ್ಪ ನೋಡಿ.

ಹಾರುವ ಮುಂಚೆ ಅಲ್ಲಿನ ಪ್ರತ್ಯೇಕ ಲಾಯದಲ್ಲಿ ಇರಿಸಬೇಕು, ರಕ್ತ ಪರೀಕ್ಷೆಗಳಾಗಬೇಕು, ನಮ್ಮ ಕೇಂದ್ರ ಪಶುಸಂಗೋಪನಾ ಇಲಾಖೆಯಿಂದ ಮೊದಲೇ ಆಮದು ಪರವಾನಗಿ ಪಡೆದಿರಬೇಕು, ಇಲ್ಲಿಗೆ ಇಳಿದ ಮೇಲೆ ಮತ್ತೆ ಕ್ವಾರಂಟೈನ್. ವಿಮಾನದಲ್ಲಿ ಕುದುರೆ ನಿಲ್ಲುವ ದೊಡ್ಡ ಪೆಟ್ಟಿಗೆ, ಜೊತೆಗೆ ನೋಡಿಕೊಳ್ಳಲು ಒಬ್ಬ ಆಳು. ಇದಕ್ಕೆಲ್ಲ 10 ಲಕ್ಷ ಅಂತ ಇಟ್ಟುಕೊಳ್ಳಿ. ಕಸ್ಟಮ್ಸ್ ಸುಂಕ 30 ಪರ್ಸೆಂಟ್, ಅದೂ ಕುದುರೆ ಬೆಲೆ ಮೇಲೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಮೇಲೆ ಜಿಎಸ್‌ಟಿ. ನಿಮ್ಮ 9 ಲಕ್ಷದ ಫ್ರೀಷಿಯನ್ ಮನೆ ಬಾಗಿಲಿಗೆ ಬರುವಷ್ಟರಲ್ಲಿ 25 ಲಕ್ಷ ದಾಟಿರುತ್ತದೆ. ನಾಲ್ಕು ಸಾವಿರ ಡಾಲರ್ ಅರೇಬಿಯನ್‌ಗೂ ವಿಮಾನದಲ್ಲಿ ಅಷ್ಟೇ ಜಾಗ ಬೇಕು, ಅಗ್ಗದ ಕುದುರೆ ಅಂತ ಟಿಕೆಟ್ ಕಮ್ಮಿ ಆಗಲ್ಲ.

ನಮ್ಮ ದೊಡ್ಡ ಸವಾರರಲ್ಲೂ ಎಷ್ಟೋ ಜನ ಕುದುರೆಗಳನ್ನ ಇಲ್ಲಿಗೆ ತರದೆ ಹೊರಗೇ ಇಟ್ಟುಕೊಳ್ಳುತ್ತಾರೆ. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ಗೆ ಹೋದಾಗ ತಯಾರಿ ನಡೆಸಿದ್ದು ಜರ್ಮನಿಯಲ್ಲಿ. 2023ರ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ (ಕುದುರೆಯಿಂದ ಲೆಕ್ಕದ ಹೆಜ್ಜೆ ಹಾಕಿಸುವ ಸವಾರಿ ಸ್ಪರ್ಧೆ) ಚಿನ್ನ ಗೆದ್ದ ತಂಡದವರೂ ಯುರೋಪಿನಲ್ಲೇ ಇದ್ದು ಅಭ್ಯಾಸ ಮಾಡಿದವರು. ಇಲ್ಲಿಂದ ಕುದುರೆ ಹೊರಗೆ ಕಳಿಸೋದು ರೋಗದ ನಿಯಮಗಳಿಂದಾಗಿ ಅಷ್ಟು ಕಷ್ಟ. ಈಗ ಮೀರತ್‌ನಲ್ಲಿ ರೋಗಮುಕ್ತ ಅಂತ ಒಂದು ಆವರಣಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ, ಮುಂದೆ ಸ್ವಲ್ಪ ಸಲೀಸಾಗಬಹುದು. ಐಸ್‌ಲ್ಯಾಂಡ್‌ನವರು ಇನ್ನೂ ಕಟ್ಟುನಿಟ್ಟು. ಒಮ್ಮೆ ದೇಶ ಬಿಟ್ಟ ಅವರ ಕುದುರೆ ವಾಪಸ್ ಬರೋ ಹಾಗೇ ಇಲ್ಲ.

ಫ್ರೀಷಿಯನ್ ಬಗ್ಗೆ ಇನ್ನೊಂದು ಮಾತು. ಕಡಿಮೆ ಪ್ರಾಣಿಗಳಿಂದ ಬೆಳೆದ ತಳಿ, ಹುಟ್ಟಿನಿಂದ ಬರುವ ಕಾಯಿಲೆಗಳು ಜಾಸ್ತಿ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಡೆದು ದಿಢೀರನೆ ಸಾಯುವುದೂ ಇದೆ. ದಪ್ಪ ಕಪ್ಪು ಕೂದಲು, ಏಪ್ರಿಲ್ ತಿಂಗಳ ಮಂಡ್ಯ ಬಿಸಿಲು, ಗದ್ದೆ ಬಯಲಿನ ಸೊಳ್ಳೆ ನೊಣ. ಬೇಡ ಅಂತಲೇ ನನ್ನ ಸಲಹೆ.

ಪಾಂಡವಪುರ_ಕಾಲುವೆ

ಡಾಕ್ಟ್ರಮ್ಮಾ, 25 ಲಕ್ಷ ನೋಡಿ ಭಾವನಿಗೆ ಆಗಲೇ ಮೆಸೇಜ್ ಹಾಕಿಬಿಟ್ಟೆ, ಫ್ರೀಷಿಯನ್ ಕತೆ ಮುಗೀತು 😄 ಈಗ ಉಳಿದಿರೋದು ಎರಡೇ, ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಅಥವಾ ಮಾರ್ವಾಡಿ. ತಿಂಗಳಿಗೆ ಸಾಕೋ ಖರ್ಚು ಎಷ್ಟಾಗಬಹುದು? ನಮ್ಮಲ್ಲಿ ಭತ್ತದ ಹುಲ್ಲು ಬೇಕಾದಷ್ಟಿದೆ, ಕಬ್ಬಿನ ಸೋಗೆಯೂ ಇದೆ. ಮತ್ತೆ ರೇಸ್ ಕುದುರೆ ನೋಡೋಕೆ ಹೋದಾಗ ಏನು ನೋಡಬೇಕು?

ಲಾಯದ_ಪಕ್ಕದವನು

ಕಾಲು ನೋಡಿ, ಆಮೇಲೆ ಕಾಲು ನೋಡಿ, ಆಮೇಲೆ ಮುಖ ನೋಡಿ.

ಮುಂಗಾಲಿನ ಮಂಡಿ ಕೆಳಗೆ, ಮೂಳೆಯ ಹಿಂಭಾಗದಲ್ಲಿ ಹಗ್ಗದ ಹಾಗೆ ಒಂದು ಟೆಂಡನ್ (ಸ್ನಾಯುವನ್ನ ಮೂಳೆಗೆ ಕಟ್ಟುವ ಹುರಿ) ಇಳಿಯುತ್ತದೆ. ಎರಡು ಬೆರಳಿನ ನಡುವೆ ಹಿಡಿದು ಮೇಲಿನಿಂದ ಗೊರಸಿನವರೆಗೆ ನಿಧಾನಕ್ಕೆ ಇಳಿಸಿ. ನೇರವಾಗಿ, ಬಿಗಿಯಾಗಿ, ತಣ್ಣಗಿರಬೇಕು. ಎಲ್ಲಾದರೂ ಬಿಲ್ಲಿನ ಹಾಗೆ ಉಬ್ಬಿದ್ದರೆ, ಬಿಸಿ ಇದ್ದರೆ, ಅಥವಾ ಒತ್ತಿದಾಗ ಕಾಲು ಎಳೆದುಕೊಂಡರೆ ಆ ಕುದುರೆ ಯಾಕೆ ರೇಸ್ ಬಿಟ್ಟಿತು ಅಂತ ನಿಮಗೆ ಉತ್ತರ ಸಿಕ್ಕಿತು. ಹಳೆ ಉಬ್ಬು ವಾಸಿಯಾಗಿ ಗಟ್ಟಿಯಾಗಿದ್ದರೆ ಸುಮ್ನೆ ಸವಾರಿಗೆ ನಡೆಯುತ್ತೆ, ಹಾರಿಸೋಕೆ ಆಗಲ್ಲ. ಎರಡೂ ಕಾಲು ಒಂದರ ಪಕ್ಕ ಒಂದು ಹೋಲಿಸಿ ನೋಡಿ, ಒಂದನ್ನೇ ನೋಡಿದರೆ ಏನೂ ಗೊತ್ತಾಗಲ್ಲ. ಆಮೇಲೆ ಗಟ್ಟಿ ನೆಲದ ಮೇಲೆ ಸೈಸ್‌ಗೆ (ಕುದುರೆ ನೋಡಿಕೊಳ್ಳುವ ಆಳಿಗೆ) ಹೇಳಿ ನೇರಕ್ಕೆ ಓಡಿಸಿ, ತಲೆ ಒಂದೇ ಸಮ ಇರಬೇಕು. ಹೆಜ್ಜೆ ಹೆಜ್ಜೆಗೂ ತಲೆ ಎತ್ತಿ ಇಳಿಸುತ್ತಿದ್ದರೆ ಮುಂಗಾಲು ಕುಂಟು.

ಬೀಜ ಒಡೆಸಿದ ಗಂಡು ಸಿಕ್ಕರೆ ಅದನ್ನೇ ಆರಿಸಿ. ಮಾರ್ವಾಡಿಯಲ್ಲಿ ಹೆಚ್ಚಾಗಿ ಸಿಗೋದು ಬೀಜದ ಕುದುರೆ. ಪಕ್ಕದ ಊರಿನ ಹೆಣ್ಣು ಕುದುರೆ ವಾಸನೆ ಬಂದರೆ ಅದನ್ನ ಹಿಡಿಯೋಕೆ ನಿಮ್ಮ ಕೈಲಿ ಆಗಲ್ಲ.

ದನದ_ಡಾಕ್ಟ್ರಮ್ಮ

ಇದರ ಜೊತೆಗೆ ಎಕ್ಸ್‌ರೇ ತೆಗೆಸಿ, ಮಾರುವವರ ಡಾಕ್ಟರ್ ಅಲ್ಲ, ನಿಮ್ಮ ಡಾಕ್ಟರ್. ಗ್ಲ್ಯಾಂಡರ್ಸ್, ಸರ್ರಾ ಎರಡಕ್ಕೂ ರಕ್ತ ಪರೀಕ್ಷೆ ಆಗಿರಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ಬರುತ್ತದೆ, ಬಂದ ಕುದುರೆಯನ್ನ ಕಾನೂನು ಪ್ರಕಾರ ದಯಾಮರಣಕ್ಕೆ ಒಳಪಡಿಸುತ್ತಾರೆ, ಚಿಕಿತ್ಸೆ ಇಲ್ಲ. ವರದಿ ನೋಡದೆ ಲಾರಿ ಹತ್ತಿಸಬೇಡಿ.

ಮೇವು: ಒಂದು ಕುದುರೆಗೆ ದಿನಕ್ಕೆ ಎಂಟೊಂಬತ್ತು ಕೆಜಿ ಒಣ ಹುಲ್ಲು ಬೇಕು. ಭತ್ತದ ಹುಲ್ಲು ದನಕ್ಕೆ ಸರಿ, ಕುದುರೆಗೆ ಅದರಲ್ಲಿ ಸತ್ವ ಇಲ್ಲ, ಜೀರ್ಣವಾಗದೆ ಕಟ್ಟಿಕೊಂಡು ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಹಾಗಾಗಿ ಹೊಟ್ಟೆಶೂಲೆ ಅಂದರೆ ಜೀವಕ್ಕೇ ಬರುವ ವಿಷಯ. ಬೂಷ್ಟು ಹಿಡಿದ ಹುಲ್ಲಂತೂ ಬೇಡವೇ ಬೇಡ. ರಾಗಿ ಹುಲ್ಲು, ಗದ್ದೆ ಬದುವಿನ ಗರಿಕೆ, ಕುದುರೆಮಸಾಲೆ ಸೊಪ್ಪು ಸ್ವಲ್ಪ, ನೆನೆಸಿ ಬೇಯಿಸಿದ ಹುರುಳಿ ಅಳತೆಯಲ್ಲಿ. ಸೋಗೆ ಎಲ್ಲೋ ಒಂದಿಷ್ಟು ಕೊಡಬಹುದು, ಅದನ್ನೇ ಮೇವು ಅಂದುಕೊಳ್ಳಬೇಡಿ. ಲಾಳ ಐದಾರು ವಾರಕ್ಕೊಮ್ಮೆ. ಜಂತಿನ ಔಷಧಿ, ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆ ಹಲ್ಲು ಅರ ಹಾಕಿಸುವುದು, ನೋಡಿಕೊಳ್ಳುವವನ ಸಂಬಳ ಎಲ್ಲ ಸೇರಿ ತಿಂಗಳಿಗೆ 20 ಸಾವಿರಕ್ಕೆ ಕಮ್ಮಿ ಹಿಡೀಬೇಡಿ. ಎರಡೇ ವರ್ಷದಲ್ಲಿ ಆ ಒಂದೂವರೆ ಲಕ್ಷದ ಮಾರ್ವಾಡಿಯ ಬೆಲೆಯ ಮೂರು ಪಟ್ಟು ಮೇವಿಗೂ ಆಳಿಗೂ ಹೋಗಿರುತ್ತದೆ.

ಹಳ್ಳಿಕಾರ್_ಜೋಡಿ

ಡಾಕ್ಟ್ರಮ್ಮ ಹೇಳಿದ ರಾಗಿ ಹುಲ್ಲು ನಾಗಮಂಗಲ ಕಡೆ ಸಿಗುತ್ತೆ, ಸುಗ್ಗಿ ಟೈಮಲ್ಲೇ ಲೋಡು ಹಾಕಿಸಿಕೊಳ್ಳಿ, ಬೇಸಿಗೆಗೆ ಹೋದರೆ ಹೇಳಿದ್ದೇ ರೇಟು. ಮತ್ತೆ ಒಂಟಿ ಕುದುರೆ ಸಾಕೋಕೆ ಹೋಗಬೇಡಿ, ಮಂಕಾಗಿ ಬೇಲಿ ಕಚ್ಚೋಕೆ ಶುರು ಮಾಡುತ್ತೆ. ಇನ್ನೊಂದು ಕುದುರೆಗೆ ದುಡ್ಡಿಲ್ಲದಿದ್ದರೆ ಜೊತೆಗೆ ಒಂದು ಕತ್ತೆ ಆದರೂ ಕಟ್ಟಿ, ಅದಕ್ಕೆ ಪೇಪರ್ ಯಾರೂ ಕೇಳಲ್ಲ.