ತೀವ್ರ ಮನೋರೋಗ ಉಲ್ಬಣಿಸಿದಾಗ ಸಾಮಾನ್ಯ ಆಸ್ಪತ್ರೆ ದಾಖಲಿಸಿಕೊಳ್ಳಬಾರದೇ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ)

ಮಾನ್ಯರೇ, ಕಳೆದ ಮಳೆಗಾಲದಲ್ಲಿ ನನ್ನ ತಮ್ಮ ನಾಲ್ಕು ರಾತ್ರಿ ನಿದ್ದೆಯಿಲ್ಲದೆ, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಕೂಗುತ್ತ ತೋಟದೊಳಗೆ ಓಡತೊಡಗಿದ. ನಾವು ಹೋದ ಆಸ್ಪತ್ರೆಯವರು ಒಂದು ಇಂಜೆಕ್ಷನ್ ಕೊಟ್ಟು, ರಕ್ತಪರೀಕ್ಷೆಯನ್ನೂ ಮಾಡದೆ, ಮಂಗಳೂರಿಗೋ ಕಲ್ಲಿಕೋಟೆಗೋ ಕರೆದೊಯ್ಯಿರಿ ಎಂದರು. ಅರೆಪ್ರಜ್ಞೆಯಲ್ಲಿದ್ದವನನ್ನು ಬಾಡಿಗೆ ಕಾರಿನಲ್ಲಿ ಇಬ್ಬರು ಹಿಡಿದುಕೊಂಡು ಕರ್ನಾಟಕದ ಗಡಿಯಾದ ತಲಪಾಡಿ ದಾಟಿದೆವು. ಇಂಥ ರೋಗಿಯನ್ನು ಸಾಮಾನ್ಯ ಆಸ್ಪತ್ರೆ ಸೇರಿಸಿಕೊಳ್ಳಬಾರದೆಂಬ ನಿಯಮವೇನಾದರೂ ಇದೆಯೇ?

ಉತ್ತರ 1 (ಮನೋರೋಗ ವಾರ್ಡಿನಲ್ಲಿ ದುಡಿದ ನಿವೃತ್ತ ನರ್ಸ್)

ಅಂಥ ನಿಯಮವಿಲ್ಲ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಕಲಮಿನ ಪ್ರಕಾರ, ರೋಗಿಯ ಜೀವಕ್ಕೆ ಅಥವಾ ಇತರರಿಗೆ ಗಂಭೀರ ಹಾನಿಯಾಗುವ ಸಂದರ್ಭದಲ್ಲಿ ಮನೋವೈದ್ಯರೇ ಆಗಬೇಕೆಂದಿಲ್ಲ, ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲಲು ರೋಗಿ ಹೆಸರಿಸಿದವರು) ಲಭ್ಯರಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ವಿದ್ಯುತ್ ಕಂಪನ ಚಿಕಿತ್ಸೆಯನ್ನು (ಶಾಕ್ ಚಿಕಿತ್ಸೆ) ಮಾತ್ರ ಈ ಕಲಮಿನಡಿ ಕೊಡುವಂತಿಲ್ಲ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಆ ರಕ್ತಪರೀಕ್ಷೆ. ಹಠಾತ್ತನೆ ಕೆರಳಿದವರೆಲ್ಲರೂ ಮನೋರೋಗಿಗಳಲ್ಲ. ಸೋಡಿಯಂ ಅಥವಾ ಸಕ್ಕರೆ ಕುಸಿದಾಗ, ಮಿದುಳಿಗೆ ಸೋಂಕು ತಗುಲಿದಾಗ, ಕುಡಿತವನ್ನು ಒಮ್ಮೆಲೇ ನಿಲ್ಲಿಸಿದಾಗಲೂ ಮನುಷ್ಯ ಹೀಗೆಯೇ ವರ್ತಿಸುತ್ತಾನೆ. ಹೊತ್ತು ಹೊತ್ತಿಗೆ ಪ್ರಜ್ಞೆ ಏರಿಳಿಯುವುದು, ದಿನ, ಸ್ಥಳಗಳ ಅರಿವು ತಪ್ಪುವುದು ಇಂಥ ದೈಹಿಕ ಕಾರಣದ ಸುಳಿವು. ಇದನ್ನು ಪತ್ತೆಹಚ್ಚುವ ಪ್ರಯೋಗಾಲಯ, ಸ್ಕ್ಯಾನ್, ಫಿಸಿಶಿಯನ್ ಎಲ್ಲವೂ ಒಂದೇ ಸೂರಿನಡಿ ಇರುವುದು ಸಾಮಾನ್ಯ ಆಸ್ಪತ್ರೆಯಲ್ಲಿಯೇ. ಶಾಮಕ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರಾಟ, ರಕ್ತದೊತ್ತಡ, ಆಮ್ಲಜನಕದ ಮಟ್ಟಗಳನ್ನು ಪದೇ ಪದೇ ನೋಡುತ್ತಿರಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ನೋಡುವವರು ಯಾರು?

ಕಟ್ಟಿಹಾಕುವ ಮಾತೂ ಬರುತ್ತದೆ. 97ನೇ ಕಲಮಿನಂತೆ, ಸನ್ನಿಹಿತ ಹಾನಿಯನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿದ್ದಷ್ಟೇ ಹೊತ್ತು ಮಾತ್ರ ಅದಕ್ಕೆ ಅವಕಾಶ. ಬಹಳ ಸಲ ಮಂದ ಬೆಳಕಿನ ಕೋಣೆ ಮತ್ತು ಪಕ್ಕದಲ್ಲಿ ಕುಳಿತು ಮೆಲ್ಲನೆ ಮಾತನಾಡುವ ಒಬ್ಬ ನರ್ಸ್ ಇದ್ದರೆ ಕಟ್ಟುವ ಪ್ರಮೇಯವೇ ಬಂದಿರಲಿಲ್ಲ.

ಉತ್ತರ 2 (ಮಂಜೇಶ್ವರದಿಂದ)

ಆ ಮೆಲ್ಲನೆಯ ಮಾತು ಯಾವ ಭಾಷೆಯದು ಎಂಬುದೂ ಮುಖ್ಯ. ಭಯದಲ್ಲಿರುವ ರೋಗಿಗೆ ಮಲಯಾಳ ಬಾರದಿದ್ದರೆ, ವೈದ್ಯರಿಗೆ ಕನ್ನಡವೋ ತುಳುವೋ ತಿಳಿಯದಿದ್ದರೆ, ಅವನ ಮನಸ್ಥಿತಿಯನ್ನು ಪರೀಕ್ಷಿಸುವುದಾದರೂ ಹೇಗೆ? ಆದ್ದರಿಂದಲೇ ನಾವು ಮಂಗಳೂರಿಗೆ ಓಡುತ್ತೇವೆ. ಆದರೆ 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯನ್ನೇ ನೆಚ್ಚಿದ್ದ ರೋಗಿಗಳ ಪಾಡೇನಾಯಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಜಿಲ್ಲೆಯೊಳಗೇ ಕೆಲವು ಹಾಸಿಗೆಗಳು ಮತ್ತು ಕನ್ನಡ ಬಲ್ಲ ಸಿಬ್ಬಂದಿ ಇರಲೇಬೇಕು. ಅಲ್ಲಿಯವರೆಗೆ, ಹಗಲಿರುಳೂ ದೊರೆಯುವ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮನೆಯವರು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತಮ್ಮ ಈಗ ಚೇತರಿಸಿಕೊಂಡಿದ್ದಾನೆ. ನಾಮನಿರ್ದೇಶಿತ ಪ್ರತಿನಿಧಿಯಾಗಿ ಅವನು ನನ್ನನ್ನು ಹೆಸರಿಸಬೇಕಾದರೆ ವಕೀಲರ ಬಳಿಗೆ ಹೋಗಬೇಕೇ?

ಉತ್ತರ 1ನ್ನು ಬರೆದವರು

ಬೇಕಾಗಿಲ್ಲ. ಬಿಳಿ ಹಾಳೆಯಲ್ಲಿ ನಿಮ್ಮ ತಮ್ಮನವರೇ ಬರೆದು ಸಹಿ ಮಾಡಿದರೆ ಸಾಕು. ಆದರೆ ಯಾರನ್ನು ಹೆಸರಿಸಬೇಕೆಂಬುದನ್ನು ಅವರೇ ತೀರ್ಮಾನಿಸಲಿ.