ವಾಪಸ್ ಬಂದ ಫೈಲು, ಬಸ್ ಸ್ಟ್ಯಾಂಡಿನ ಫ್ಲೆಕ್ಸು

ಕಳೆದ ವಾರದ ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನವಳು. ಎಲ್‌ಎಲ್‌ಬಿ ಮುಗಿಸಿ, ಚೆನ್ನೈನಲ್ಲಿ ತರಬೇತಿ ಪಡೆದು, ಈಗ ಸೇನೆಯ ಕಾನೂನು ವಿಭಾಗವಾದ ಜಾಗ್‌ನಲ್ಲಿ ಕ್ಯಾಪ್ಟನ್ ಆಗಿದ್ದೇನೆ. ನಾನು ಬರೆದ ಕಾನೂನು ಅಭಿಪ್ರಾಯವೊಂದನ್ನು ಮೇಲಧಿಕಾರಿ ಎಲ್ಲರೆದುರು ವಾಪಸ್ ಕೊಟ್ಟರು. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಒಂದೇ ಫೈಲನ್ನು ನಾಲ್ಕು ಸಲ ಓದುತ್ತೇನೆ. ಯಾರನ್ನಾದರೂ ಕೇಳೋಣವೆಂದರೆ ಮನಸ್ಸು ಒಪ್ಪುವುದಿಲ್ಲ. ನಾನು ಆಫೀಸರ್ ಆದಾಗ ಊರ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದ್ದರು. ಬಿಟ್ಟು ಬರುತ್ತೇನೆ ಎಂದು ಅಪ್ಪನಿಗೆ ಹೇಗೆ ಹೇಳಲಿ?

ನಿವೃತ್ತ ಸುಬೇದಾರ್, ಬಂಗಾರಪೇಟೆ

ಮೇಡಂ, ನಿಮ್ಮ ವಯಸ್ಸಿನ ಮಗಳಿದ್ದಾಳೆ ನನಗೆ. ಆದರೂ ಕ್ಯಾಪ್ಟನ್ ಅಂದಮೇಲೆ ಮೇಡಂ ಅಂತಲೇ ಬಾಯಿಗೆ ಬರುತ್ತದೆ. ಸೇನೆಯಲ್ಲಿ 28 ವರ್ಷ ಕ್ಲರ್ಕ್ ಕೆಲಸ ಮಾಡಿದೆ. ನಿಮ್ಮಂಥ ಕಚೇರಿಗೆ ಫೈಲು ಕಟ್ಟಿ ಕಳಿಸುತ್ತಿದ್ದವನು. ಕೇಸಿನ ಹೆಸರು, ಯೂನಿಟ್ಟು ಯಾವುದನ್ನೂ ಬರೆಯದೆ ಪ್ರಶ್ನೆ ಕೇಳಿದ್ದೀರಿ. ನಿದ್ದೆ ಕೆಟ್ಟರೂ ಬುದ್ಧಿ ಕೆಟ್ಟಿಲ್ಲ ಅಂದುಕೊಂಡೆ.

ಒಂದು ಸಲ ನಮ್ಮಲ್ಲಿ ಸ್ಟೋರಿನ ಸಾಮಾನು ಕಡಿಮೆ ಬಿದ್ದು ಸೇನೆಯೊಳಗಿನ ವಿಚಾರಣೆ, ಅಂದರೆ ಕೋರ್ಟ್ ಆಫ್ ಎನ್‌ಕ್ವಯರಿ ನಡೆಯಿತು. ಸಾಕ್ಷಿಗಳೆಲ್ಲ ಸ್ಟೋರ್ ನೋಡಿಕೊಳ್ಳುವ ಹುಡುಗನ ಕಡೆಗೇ ಬೆರಳು ತೋರಿಸಿದರು. ಅವನನ್ನು ಮಾತ್ರ ಒಳಗೆ ಕೂರಿಸಲಿಲ್ಲ. ಒಬ್ಬನ ಹೆಸರಿಗೆ ಧಕ್ಕೆ ತರುವ ವಿಚಾರಣೆ ಪೂರ್ತಿ ಅವನ ಎದುರಿಗೇ ಆಗಬೇಕು, ಸಾಕ್ಷಿಗಳನ್ನು ಪ್ರಶ್ನೆ ಮಾಡಲು ಅವನಿಗೆ ಬಿಡಬೇಕು ಅನ್ನುತ್ತದೆ ಆರ್ಮಿ ರೂಲ್ಸ್‌ನ 180ನೇ ನಿಯಮ. ನಮಗೆಲ್ಲ ಅದು ಬಾಯಿಪಾಠ. ಆದರೆ ಅವತ್ತು ಆತುರ. ಕಾಗದ ಮೇಲೆ ಹೋಯಿತು. ನಿಮ್ಮಂಥ ಒಬ್ಬ ಕ್ಯಾಪ್ಟನ್ ನೋಡಿ ವಾಪಸ್ ಕಳಿಸಿದರು. ನಮ್ಮ ಸಾಹೇಬರು ಕೆಂಡವಾದರು. ನಾನೂ ಬೈದುಕೊಂಡೆ, ಎರಡು ರಾತ್ರಿ ಕೂತು ಟೈಪ್ ಮಾಡಿದವನು ನಾನೇ ಅಲ್ವಾ? ಮತ್ತೆ ವಿಚಾರಣೆ ಕೂತಾಗ ಆ ಹುಡುಗ ಕೇಳಿದ್ದು ಒಂದೇ ಪ್ರಶ್ನೆ. ಆ ವಾರ ಬೀಗದ ಕೈ ಯಾರ ಹತ್ತಿರ ಇತ್ತು? ಕೇಸು ಅಲ್ಲೇ ಬೇರೆ ಕಡೆ ತಿರುಗಿತು.

ಸೇನೆಯದೇ ನ್ಯಾಯಾಲಯವಾದ ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐದು ಜನ ಆಫೀಸರ್‌ಗಳು ಕೂತು ತೀರ್ಪು ಕೊಡುತ್ತಾರೆ. ಮೇಲಿನವರು ಒಪ್ಪಿ ಸಹಿ ಹಾಕುವ ತನಕ ಅದೂ ಊರ್ಜಿತವಲ್ಲ. ಇನ್ನೊಮ್ಮೆ ನೋಡಿ ಎಂದು ಒಂದು ಸಲ ವಾಪಸ್ ಕಳಿಸಲು 1950ರ ಆರ್ಮಿ ಆ್ಯಕ್ಟ್‌ನ 160ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ. ಐದು ಜನರ ತೀರ್ಪೇ ವಾಪಸ್ ಬರುವ ಕಡೆ ನಿಮ್ಮ ನಾಲ್ಕು ಪುಟ ಬಂದರೆ ಏನು ಮಹಾ? ಇದೆಲ್ಲ ನಿಮಗೆ ಗೊತ್ತಿಲ್ಲದ್ದಲ್ಲ, ನೀವೇ ದಿನಾ ಬೇರೆಯವರಿಗೆ ಹೇಳುವುದು. ಎಲ್ಲರೆದುರು ಕೊಟ್ಟಿದ್ದು ಮಾತ್ರ ತಪ್ಪು. ಅದಕ್ಕೆ ಅವರು ಒಬ್ಬರೇ ಇದ್ದಾಗ ಹೋಗಿ, ‘ಸರ್, ಎಲ್ಲಿ ಎಡವಿದೆ ಅಂತ ತಿಳಿಯಬೇಕು’ ಎಂದು ನೇರವಾಗಿ ಕೇಳಿ. ಗದರಿದರೂ ಹೇಳಿಕೊಡುತ್ತಾರೆ.

ವಕೀಲ, ತುಮಕೂರು

ಸ್ವಾಭಿಮಾನದ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒತ್ತಡದ ಮಾತು. ನಾವಾದರೆ ‘ಸೀನಿಯರ್ ಹೈಕೋರ್ಟಿಗೆ ಹೋಗಿದ್ದಾರೆ ಸ್ವಾಮಿ’ ಎಂದು ವಾಯಿದೆ ತೆಗೆದುಕೊಳ್ಳುತ್ತೇವೆ. ನಿಮಗೆ ಆ ಸುಖ ಇಲ್ಲ. ಕೆಲವು ಅಪರಾಧಗಳನ್ನು ಬಿಟ್ಟರೆ ಮೂರು ವರ್ಷದೊಳಗೆ ಕೋರ್ಟ್ ಮಾರ್ಷಲ್ ಶುರುವಾಗಬೇಕು ಅನ್ನುತ್ತದೆ ಆರ್ಮಿ ಆ್ಯಕ್ಟ್‌ನ 122ನೇ ಸೆಕ್ಷನ್. ಎಲ್ಲೋ ಎರಡೂವರೆ ವರ್ಷ ಮಲಗಿದ್ದ ಫೈಲು ನಿಮ್ಮ ಮೇಜಿಗೆ ಬರುವಾಗ ‘ಅರ್ಜೆಂಟ್’ ಚೀಟಿ ಅಂಟಿಸಿಕೊಂಡು ಬರುತ್ತದೆ. ಆ ಎರಡೂವರೆ ವರ್ಷ ನಿಮ್ಮ ತಲೆಗೆ ಬೇಡ. ಫೈಲು ಬಂದ ದಿನವೇ ಎರಡು ತಾರೀಕು ಬರೆದಿಡಿ. ಕೈಗೆ ಬಂದದ್ದು ಒಂದು, ಅವಧಿ ಮುಗಿಯುವುದು ಇನ್ನೊಂದು. ದಿನ ಸಾಲದಿದ್ದರೆ ಅವತ್ತೇ ಬರಹದಲ್ಲಿ ಮೇಲೆ ತಿಳಿಸಿ.

ಇನ್ನು ನನ್ನ ಕಥೆ. ಹೊಸದರಲ್ಲಿ ಒಂದು ಅಪೀಲನ್ನು ಎರಡು ದಿನ ತಡವಾಗಿ ಹಾಕಿದೆ. ದಿನದ ಲೆಕ್ಕ ಹೇಗೆ ಎಂದು ಆಫೀಸಿನ ಹಳೇ ಗುಮಾಸ್ತರನ್ನು ಕೇಳಬಹುದಿತ್ತು. ಕರಿ ಕೋಟು ಹಾಕಿಕೊಂಡು ಗುಮಾಸ್ತರನ್ನು ಕೇಳುವುದಾ ಅನ್ನಿಸಿತು. ಕೊನೆಗೆ ತಡ ಮನ್ನಿಸಿ ಎಂಬ ಅರ್ಜಿ ಬರೆಯಲು ಅವರ ಪಕ್ಕದಲ್ಲೇ ಕೂರಬೇಕಾಯಿತು. ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದೆ. ಅವರು ಕಾಫಿ ತರಿಸಿದರು.

ಗೃಹಿಣಿ, ಗೌರಿಬಿದನೂರು

ಅಲ್ಲ ಕಣಮ್ಮ, ಬಸ್ ಸ್ಟ್ಯಾಂಡಿನ ಫ್ಲೆಕ್ಸು ಎಷ್ಟು ದಿನ ಇರುತ್ತದೆ? ಯುಗಾದಿ ಶುಭಾಶಯ ಬಂದು ಅದರ ಮೇಲೆ ಕೂರುತ್ತದೆ. ನಿನ್ನದು ಈಗ ಯಾರದೋ ಹಸುವಿನ ಕೊಟ್ಟಿಗೆಗೆ ಮರೆಯಾಗಿರುತ್ತದೆ. ಅದಕ್ಕೆ ಹೆದರಿ ಇರುವುದೂ ಬೇಡ, ಅದಕ್ಕೆ ನಾಚಿ ಓಡಿ ಬರುವುದೂ ಬೇಡ.

ನನ್ನ ಮಗ ಸೇನೆಯಲ್ಲಿ ಡ್ರೈವರ್. ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಅಂತ ಮೂರು ಸಲ ಅಂದರೆ ಏನೋ ಆಗಿದೆ ಅಂತ ನನಗೆ ಗೊತ್ತಾಗುತ್ತದೆ. ನಿಮ್ಮಪ್ಪನಿಗೂ ಗೊತ್ತಾಗಿರುತ್ತದೆ, ಕೇಳಲು ಹಿಂಜರಿಯುತ್ತಿರಬೇಕು. ರಜೆ ಹಾಕಿ ಬಾ. ಮುದ್ದೆ, ಬಸ್ಸಾರು ಉಂಡು ಎರಡು ದಿನ ಸುಮ್ನೆ ಮಲಗು. ಆಮೇಲೆ ಜಗುಲಿ ಮೇಲೆ ಕೂತು ಹೇಳು.

ನರ್ಸ್, ಚಿಕ್ಕಬಳ್ಳಾಪುರ

ನಿದ್ದೆ ಕೆಟ್ಟು ಎರಡು ವಾರ ದಾಟಿದ್ದರೆ ಸೇನಾ ಆಸ್ಪತ್ರೆಯ ಡಾಕ್ಟರನ್ನು ನೋಡಿ. ತಕ್ಷಣ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿ ಹೊತ್ತೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕಾನೂನು ವಿದ್ಯಾರ್ಥಿನಿ, ಕೋಲಾರ

ಅಕ್ಕಾ, 2025ರ ಆಗಸ್ಟ್‌ನಲ್ಲಿ ಜಾಗ್ ನೇಮಕಾತಿಯ ಲೆಕ್ಕವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತಲ್ಲ, ಹುಡುಗರಿಗೆ ಆರು ಹುದ್ದೆ, ಹುಡುಗಿಯರಿಗೆ ಮೂರು ಅನ್ನುವುದು? ಆ ಸುದ್ದಿ ಓದಿದ ದಿನವೇ ನಾನೂ ಅರ್ಜಿ ಹಾಕಬೇಕು ಎಂದುಕೊಂಡೆ. ಎಲ್‌ಎಲ್‌ಬಿಯಲ್ಲಿ ಶೇಕಡಾ 55 ಬೇಕು, ನನ್ನದು ಸದ್ಯಕ್ಕೆ 57. ನಿಮ್ಮ ಪ್ರಶ್ನೆ ಓದಿ ಮೊದಲು ಭಯವಾಯಿತು. ಆಮೇಲೆ, ಫ್ಲೆಕ್ಸಿನಲ್ಲಿ ಇರುವವರಿಗೂ ಹೀಗೇ ಆಗುತ್ತದಲ್ಲ ಎಂದು ಸಮಾಧಾನವೂ ಆಯಿತು.

ಆದರೆ ವಾಪಸ್ ಬಂದ ಅಭಿಪ್ರಾಯದಲ್ಲಿ ತಪ್ಪೇನಿತ್ತು ಅಂತ ನೀವು ಬರೆದೇ ಇಲ್ಲ. ಕೇಸಿನ ವಿವರ ಬೇಡ. ಕಾನೂನು ತಪ್ಪಿತ್ತೋ, ಬರೆದ ರೀತಿ ತಪ್ಪಿತ್ತೋ, ಅಷ್ಟು ಹೇಳಿ. ಓದುವಾಗ ಅಲ್ಲಿ ಗೆರೆ ಹಾಕಿಕೊಳ್ಳುತ್ತೇನೆ.